ದಡ್ಡರು ಯಾರು ಅಂತ ಆಮೇಲೆ ನೋಡೋಣ

ಶಿರಸಿ

ತಂಗೀ,

ದುಡ್ಡಿನ ವಿಷಯದಲ್ಲಿ ಜನ ಹೇಗೆ ಮೋಸ ಹೋಗುತ್ತಾರೆ ಅನ್ನೋ ನಿನ್ನ ಲೇಖನ, ಹದಿನಾಲ್ಕು ಪುಟ, ಬಂತು. "ಮೂರು ಕಡೆಯಿಂದ ವಾಪಸ್ ಬಂತು ಸರ್, ಇನ್ನು ಬರೆಯೋದೇ ಬಿಡ್ತೇನೆ" ಅನ್ನೋ ಚೀಟಿಯೂ ಬಂತು. ಬಿಡೋದಾದರೆ ಬಿಡು. ಆದರೆ ನಿಜವಾಗಿ ಬಿಡುವವಳು ಪುಟಕ್ಕೆಲ್ಲ ಸಂಖ್ಯೆ ಹಾಕಿ, ಕಾರವಾರದಿಂದ ಘಟ್ಟದ ಮೇಲಿನ ಮುದುಕನಿಗೆ ಸ್ಪೀಡ್ ಪೋಸ್ಟ್ ಮಾಡೋದಿಲ್ಲ.

ಎಲ್ಲಿಗೆ ಕಳಿಸಬೇಕು, ಎಷ್ಟು ಉದ್ದ ಇರಬೇಕು, ಅದನ್ನೆಲ್ಲ ನನ್ನ ಕೇಳಬೇಡ. ಯಾರಾದರೂ ಹೇಳ್ತಾರೆ. ನನ್ನ ತಕರಾರು ಒಂದೇ. ನಿನ್ನ ಲೇಖನದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ, ನೀನೊಬ್ಬಳನ್ನು ಬಿಟ್ಟು. 99 ರೂಪಾಯಿ ಅಂದ ಕೂಡಲೇ ಚಪ್ಪಲಿಗೆ ಮರುಳಾಗುವವರು, ದರ ಇಳಿದರೂ ಅಡಿಕೆ ಮಾರದೆ ಅಟ್ಟದ ಮೇಲೆ ಚೀಲ ಪೇರಿಸಿಟ್ಟು ಕೂರುವ ನಮ್ಮೂರಿನವರು, ಎಲ್ಲರೂ ದಡ್ಡರು. ಅಡಿಕೆಯವರ ಪಕ್ಕ ಕಾಹ್ನೆಮನ್, ಟ್ವರ್ಸ್ಕಿ, 1979 ಅಂತ ಬೇರೆ ಬರೆದಿದ್ದೀಯಾ. ಬರಿ, ತಪ್ಪಲ್ಲ. ಕಳಕೊಂಡ ನೂರರ ನೋವು ಸಿಕ್ಕ ನೂರರ ಖುಷಿಗಿಂತ ದೊಡ್ಡದು ಅಂತ ಆ ಇಬ್ಬರು ಮನಶ್ಶಾಸ್ತ್ರಜ್ಞರು ಹೇಳಿದ್ದು ಸರಿಯೇ. ಆದರೆ ಆ ಅಡಿಕೆ ಮನೆಯವರ ಮಗಳ ಮದುವೆ ಯಾವಾಗ, ಸೊಸೈಟಿ ಸಾಲದ ಕಂತು ಯಾವಾಗ ಅಂತ ಕೇಳಿದೆಯಾ? "ಗ್ರಾಹಕ" ಅನ್ನೋ ಶಬ್ದ ನಿನ್ನ ಬರಹದಲ್ಲಿ 53 ಸಲ ಇದೆ, ಎಣಿಸಿದೆ. ಒಬ್ಬನಿಗೂ ಬಾಯಿಲ್ಲ.

ಬಿಸ್ಕತ್ತಿನ ವಿಷಯವನ್ನೇ ನೋಡು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯಿತು, ಬಿಸ್ಕತ್ತು, ಶಾಂಪೂ, ಟೂತ್‌ಪೇಸ್ಟ್ ಎಲ್ಲ ಶೇ 18ರಿಂದ 5ಕ್ಕೆ ಬಂತು. ಐದು ರೂಪಾಯಿ ಪೊಟ್ಟಣ ಐದೇ ರೂಪಾಯಿ ಇದ್ದದ್ದು ಕಂಡು "ಅಂಗಡಿಯವನು ನುಂಗಿದ" ಅಂತ ಬರೆದುಬಿಟ್ಟೆ. ಪೊಟ್ಟಣ ತಿರುಗಿಸಿ ನೋಡಿದೆಯಾ? ಕೆಲವು ಕಂಪನಿಗಳು ಬೆಲೆ ಮುಟ್ಟದೆ ಗ್ರಾಂ ಜಾಸ್ತಿ ಮಾಡಿದವು. ನಾಲ್ಕೂವರೆ ರೂಪಾಯಿ ಅಂದರೆ ಚಿಲ್ಲರೆಗೆ ಎಲ್ಲಿ ಹೋಗೋದು? ಹಾಗಂತ ಅವರು ಸಂಭಾವಿತರು ಅನ್ನುತ್ತಿಲ್ಲ. ಬೆಲೆ ಅಷ್ಟೇ ಇಟ್ಟು ವರ್ಷಗಟ್ಟಲೆ ಗ್ರಾಂ ಇಳಿಸುತ್ತ ಬಂದದ್ದೂ ಇದೇ ಧಂದೆಯವರು.

ನಿಮ್ಮೂರಿನ ಮೀನು ಮಾರ್ಕೆಟ್ಟಿನಲ್ಲೂ ಇದೇ ಲೆಕ್ಕ ನಡೆಯುತ್ತದೆ, ಗಮನಿಸಿದ್ದೀಯಾ? ಮೀನು ಮಾರುವ ಅಕ್ಕ ನೂರು ರೂಪಾಯಿಗೆ ಅಂತ ಬಂಗಡೆ ಗುಂಪು ಹಾಕಿಡುತ್ತಾಳೆ. ಇವತ್ತು ಎಂಟು ಇದ್ದರೆ ನಾಳೆ ಐದು. ಜೂನ್ 1ರಿಂದ ಜುಲೈ 31ರ ತನಕ, ಬೋಟು ಕಡಲಿಗೆ ಇಳಿಯದ ಆ 61 ದಿನ, ಇನ್ನೂ ಕಡಿಮೆ. ನೂರು ಮಾತ್ರ ನೂರೇ. ಅಕ್ಕ ಕಣ್ಣೆದುರೇ ಕಡಿಮೆ ಮಾಡುತ್ತಾಳೆ, ಕಂಪನಿ ಸಣ್ಣ ಅಕ್ಷರದಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಕೊಳ್ಳಲು ಬಂದವರು ಆ ಗುಂಪು ನೋಡುತ್ತ ಮನಸ್ಸಿನಲ್ಲಿ ಏನೇನು ಕೂಡಿ ಕಳೆಯುತ್ತಾರೆ ಅಂತ ನೀನು ಅರ್ಧ ಗಂಟೆ ನಿಂತು ಕೇಳಿದ್ದರೆ ನಿನ್ನ ಮೊದಲ ನಾಲ್ಕು ಪುಟ ಬೇಕಾಗುತ್ತಲೇ ಇರಲಿಲ್ಲ.

ತೆರಿಗೆಯ ಭಾಗ ಪರವಾಗಿಲ್ಲ. ಹೋಟೆಲ್ ಬಿಲ್ಲಿನ ಶೇ 5ಕ್ಕೆ ಗೊಣಗುವವರು ಸಾಬೂನಿನ ಶೇ 18ನ್ನು ಇಷ್ಟು ವರ್ಷ ಸುಮ್ನೆ ಕೊಟ್ಟರು, ಯಾಕಂದ್ರೆ ಅದು ಎಂಆರ್‌ಪಿ ಒಳಗೆ ಅಡಗಿತ್ತು ಅಂದಿದ್ದೀಯಲ್ಲ, ಅದು ಚೆನ್ನಾಗಿದೆ. ಆದರೆ "ನಮ್ಮ ಜನಕ್ಕೆ ತೆರಿಗೆ ಅಂದರೆ ಸ್ವಾರ್ಥವೇ ಮೊದಲು" ಅಂತ ಶುರು ಮಾಡಿದ್ದು ನೋಡಿ ಸಿಟ್ಟು ಬಂತು. 1930ರ ದಶಕದಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಬ್ರಿಟಿಷ್ ಸರ್ಕಾರಕ್ಕೆ ಕರ ಕೊಡೋದಿಲ್ಲ ಅಂತ ಕೂತು ಜಮೀನು ಕಳಕೊಂಡರು. ಅದು ಯಾವ ಸ್ವಾರ್ಥ? 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸು ಬಂದಾಗ ಕ್ಯೂಆರ್ ತೆಗೆದಿಟ್ಟವರನ್ನೆಲ್ಲ ಒಂದೇ ಸಾಲಿನಲ್ಲಿ ಕಳ್ಳರು ಮಾಡಿದ್ದೀಯಾ. ಜಿಎಸ್‌ಟಿ ನೋಂದಣಿಗೆ ನಲವತ್ತು ಲಕ್ಷದ ಗೆರೆ ಇರೋದು ವರ್ಷದ ವಹಿವಾಟಿಗೆ, ಲಾಭಕ್ಕಲ್ಲ. ಹಾಲು, ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಹಾಗಿದ್ದೂ ತರಕಾರಿಯವನು ಯಾಕೆ ಹೆದರಿದ? ಅಲ್ಲಿತ್ತು ನಿನ್ನ ಲೇಖನ.

ಇಷ್ಟು ಬೈಯುವುದಕ್ಕೆ ಕಾರಣ ಇದೆ. ನಾನೂ ಒಮ್ಮೆ ಹೀಗೇ ಬರೆದಿದ್ದೆ. ಬಡವರು ಒಂದು ರೂಪಾಯಿಯ ಶಾಂಪೂ ಸ್ಯಾಶೆ ಕೊಂಡು ಹೇಗೆ ನಷ್ಟ ಮಾಡಿಕೊಳ್ಳುತ್ತಾರೆ, ದೊಡ್ಡ ಬಾಟಲಿ ಕೊಂಡರೆ ಎಷ್ಟು ಉಳಿಯುತ್ತದೆ ಅಂತ. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಸಣ್ಣ ಪೊಟ್ಟಣ ಯಾವಾಗಲೂ ದುಬಾರಿ ಅಂತ ಓದಿದ್ದೆ. ನಮ್ಮ ಪಕ್ಕದ ಮನೆಗೆ ಕೆಲಸಕ್ಕೆ ಬರುತ್ತಿದ್ದವಳನ್ನು ಹೆಸರು ಹೇಳದೆ ಅದರಲ್ಲಿ ತಂದೆ. ಸಂಪಾದಕರು "ಬಡವರ ದಡ್ಡತನ" ಅಂತ ತಲೆಬರಹ ಹಾಕಿದರು, ನನ್ನನ್ನು ಕೇಳದೆ. ಆ ಸಿಟ್ಟು ಇನ್ನೂ ಇದೆ. ಆದರೆ ಒಳಗೆ ಬರೆದದ್ದು ನಾನೇ ಅಲ್ವಾ? ತುಂಬ ಜನ ಹೊಗಳಿದರು. ಹದಿನೈದು ದಿನಕ್ಕೆ ಬನವಾಸಿ ಕಡೆಯ ಒಬ್ಬ ಕಿರಾಣಿ ಅಂಗಡಿಯವರ ಕಾರ್ಡು ಬಂತು. ಬರೀ ಲೆಕ್ಕ. ಬಾಟಲಿಯಷ್ಟೇ ಶಾಂಪೂ ಆಗುವಷ್ಟು ಸ್ಯಾಶೆ ಕೊಂಡರೆ ಬಾಟಲಿಗಿಂತ ಕಡಿಮೆ ದುಡ್ಡು. ಕೆಳಗೆ ಒಂದು ಸಾಲು: "ನೀವು ಯಾವ ಅಂಗಡಿಯಲ್ಲಿ ಕೇಳಿದಿರಿ?" ನಾನು ಯಾವ ಅಂಗಡಿಗೂ ಹೋಗಿರಲಿಲ್ಲ. ಪತ್ರಿಕೆಯಲ್ಲಿ ತಿದ್ದುಪಡಿಯನ್ನೂ ಹಾಕಿಸಲಿಲ್ಲ. ಆಕೆ ಆಮೇಲೂ ಎರಡು ವರ್ಷ ನಮ್ಮ ಅಂಗಳ ದಾಟಿಯೇ ಹೋಗಿ ಬರುತ್ತಿದ್ದಳು, ಓದಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ.

ಪುಟಗಳನ್ನು ಗೆರೆ ಎಳೆದು ವಾಪಸ್ ಕಳಿಸುತ್ತಿದ್ದೇನೆ, ಏಳನೆಯದೊಂದು ಬಿಟ್ಟು. ನಿಮ್ಮಮ್ಮ ಗ್ಯಾಸಿನ ದುಡ್ಡು ಹಾರ್ಲಿಕ್ಸ್ ಬಾಟಲಿಯಲ್ಲಿ ಇಡುತ್ತಾರೆ, ಅದನ್ನು ಮುಟ್ಟದೆ ಸಂಘದಲ್ಲಿ ಬಡ್ಡಿಗೆ ಸಾಲ ತರುತ್ತಾರೆ ಅನ್ನುವ ಪುಟ. ಹದಿನಾಲ್ಕರಲ್ಲಿ ಉಸಿರಾಡುವುದು ಅದೊಂದೇ. ಅದರ ಕೊನೆಗೆ "ಇದಕ್ಕೆ ಅರ್ಥಶಾಸ್ತ್ರಜ್ಞ ಥೇಲರ್ ಮಾನಸಿಕ ಲೆಕ್ಕಪತ್ರ ಎನ್ನುತ್ತಾರೆ, 2017ರಲ್ಲಿ ನೊಬೆಲ್ ಬಂತು" ಅಂತ ಬರೆದು ಮುಗಿಸಿಬಿಟ್ಟಿದ್ದೀಯಾ. ಥೇಲರ್ ಏನನ್ನುತ್ತಾರೆ ಅನ್ನೋದು ಗೊತ್ತಾಯಿತು. ಅಮ್ಮ ಏನಂದರು? ಕೇಳಿ, ಅವರು ಹೇಳಿದ ಮಾತಲ್ಲೇ ಬರೆದು ಕಳಿಸು. ಆಮೇಲೆ ಈ ಪುಟ ನಿನಗೆ ವಾಪಸ್.

ನಿನ್ನ
ಘಟ್ಟದ ಮೇಲಿನ ಅಣ್ಣ
("ಸರ್" ಬೇಡ)