ನಿಮ್ಮ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್‌ನ ಸೂಚನಾ ಹಾಳೆ ಮತ್ತು ತಿರಸ್ಕರಿಸಿದ ವಾರಂಟಿ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹಳೆ ಟ್ರಕ್‌ಗೆ ಹಾಕಿದ ಇಗ್ನಿಷನ್ ಮಾಡ್ಯೂಲ್ ಸುಟ್ಟಿರುವುದು, ವಾರಂಟಿ ನಿರಾಕರಣೆ, ಮತ್ತು ಸೂಚನಾ ಹಾಳೆ ತಿದ್ದಬೇಕೆಂಬ ಕೋರಿಕೆ

ಮಾನ್ಯರೇ,

ನನ್ನ ಹತ್ತಿರ 1960ರ ದಶಕದ ಒಂದು ಪೆಟ್ರೋಲ್ ಟ್ರಕ್ ಇದೆ. ಆರು ಸಿಲಿಂಡರ್, 12 ವೋಲ್ಟ್, ನೆಗೆಟಿವ್ ಅರ್ತ್ (ಬ್ಯಾಟರಿಯ ಮೈನಸ್ ಗಾಡಿಯ ಬಾಡಿಗೆ ಸೇರಿದೆ). ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹಂಚುವ ಅದರ ಡಿಸ್ಟ್ರಿಬ್ಯೂಟರ್‌ನಲ್ಲಿದ್ದ ಪಾಯಿಂಟ್ (ಕರೆಂಟ್ ಕಡಿದು ಸ್ಪಾರ್ಕ್ ಎಬ್ಬಿಸುವ ಸ್ವಿಚ್) ಮತ್ತು ಕಂಡೆನ್ಸರ್ (ಆ ಸ್ವಿಚ್ ಸುಡದಂತೆ ಕಾಯುವ ಭಾಗ) ತೆಗೆದು ನಿಮ್ಮ ಎಲೆಕ್ಟ್ರಾನಿಕ್ ಕಿಟ್ ಹಾಕಿದೆ. ಆ ಮಾಡ್ಯೂಲ್ ಈಗ ಸತ್ತಿದೆ. "ಅಳವಡಿಕೆಯಲ್ಲಿ ತಪ್ಪಾಗಿದೆ" ಎಂದು ಹೇಳಿ ನೀವು ವಾರಂಟಿ ಕೊಡಲು ಒಪ್ಪಿಲ್ಲ. ಆದರೆ ಅಳವಡಿಸಿದ್ದು ನಿಮ್ಮ ಹಾಳೆ ಹೇಳಿದ ಹಾಗೆಯೇ. ಆಮೇಲೆ ವೈರ್ ಬದಲಿಸಿದ್ದು ನಿಮ್ಮ ತಾಂತ್ರಿಕ ವಿಭಾಗ ಇಮೇಲ್‌ನಲ್ಲಿ ಬರೆದು ತಿಳಿಸಿದ ಹಾಗೆ. ಬಿಲ್, ಇಮೇಲ್‌ಗಳು, ಮೀಟರ್ ರೀಡಿಂಗ್‌ಗಳ ಫೋಟೊ ಎಲ್ಲವನ್ನೂ ಜೊತೆಗೆ ಇಟ್ಟಿದ್ದೇನೆ.

ಕಿಟ್ ಯಾಕೆ ಬೇಕಾಯಿತು ಎಂದು ಮೊದಲು ಹೇಳುತ್ತೇನೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಶ್ ಸ್ವಲ್ಪ ಸವೆದಿದೆ. ಶಾಫ್ಟ್ ಆಡಿದರೆ ಪಾಯಿಂಟ್ ಗ್ಯಾಪ್ ಒಂದೇ ಸಮ ನಿಲ್ಲುವುದಿಲ್ಲ. ಜೊತೆಗೆ ಪಾಯಿಂಟಿನ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜಿ ಸವೆಯುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ, ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು) ಹಿಂದೆ ಬೀಳುತ್ತದೆ. ನಿಮ್ಮ ಕಿಟ್‌ನ ಹಾಲ್ ಸೆನ್ಸರ್ (ಶಾಫ್ಟ್ ತಿರುಗುವುದನ್ನು ಆಯಸ್ಕಾಂತದಿಂದ, ಮುಟ್ಟದೆಯೇ ಗುರುತಿಸುವ) ಮಾಡ್ಯೂಲ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಸಣ್ಣಪುಟ್ಟ ಅಲುಗಾಟವನ್ನೂ ಅದು ತಡೆದುಕೊಳ್ಳುತ್ತದೆ. ಹಳೆ ಗಾಡಿಯನ್ನು ದಿನಾ ಓಡಿಸುವವರಿಗೆ ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ನಾನು ಈಗಲೂ ಹಾಗೇ ನಂಬಿದ್ದೇನೆ.

ಈಗ ಸೂಚನಾ ಹಾಳೆಗೆ ಬರುತ್ತೇನೆ. ಅದರಲ್ಲಿರುವುದು ಇಷ್ಟೇ: ಕೆಂಪು ವೈರ್ ಕಾಯಿಲ್‌ನ (ಬ್ಯಾಟರಿ ವೋಲ್ಟೇಜನ್ನು ಸ್ಪಾರ್ಕ್‌ಗೆ ಬೇಕಾದಷ್ಟು ಏರಿಸುವ ಭಾಗ) ಪ್ಲಸ್‌ಗೆ, ಕಪ್ಪು ವೈರ್ ಮೈನಸ್‌ಗೆ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ಇಗ್ನಿಷನ್ ಸ್ವಿಚ್ ಮತ್ತು ಕಾಯಿಲ್ ನಡುವೆ ಒಂದು ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದು ಕಣ್ಣಿಗೂ ಕಾಣುವುದಿಲ್ಲ, ಅದರ ಬದಲು ವೈರಿಂಗ್ ಒಳಗೇ ರೆಸಿಸ್ಟನ್ಸ್ ವೈರ್ ಹಾಕಿರುತ್ತಾರೆ. ಪಾಯಿಂಟ್ ಬೇಗ ಸುಡದಿರಲಿ, ಕಾಯಿಲ್ ಕಾಯದಿರಲಿ ಎಂದು ಮಾಡಿದ ಏರ್ಪಾಡು ಅದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ಇಳಿಯುತ್ತದಲ್ಲ, ಆಗ ಮಾತ್ರ ಈ ರೆಸಿಸ್ಟರ್ ತಪ್ಪಿಸಿ ಕಾಯಿಲ್‌ಗೆ ನೇರ ಕರೆಂಟ್ ಹೋಗುತ್ತದೆ. ಕೀ ಬಿಟ್ಟ ತಕ್ಷಣ ಮತ್ತೆ ರೆಸಿಸ್ಟರ್ ಮೂಲಕವೇ. ನಿಮ್ಮ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಹಾಳೆಯಂತೆ ವೈರ್ ಕೊಟ್ಟಾಗ ಆಗಿದ್ದೂ ಅದೇ. ಸೆಲ್ಫ್ ಹೊಡೆದರೆ ಎಂಜಿನ್ ತಕ್ಷಣ ಹತ್ತಿಕೊಳ್ಳುತ್ತಿತ್ತು. ಕೀ ಬಿಟ್ಟ ಕೂಡಲೇ ಆಫ್. ಈ ಲಕ್ಷಣ ಕಂಡರೆ ಅನುಭವ ಇರುವ ಯಾವ ಮೆಕ್ಯಾನಿಕ್ ಆದರೂ ಮೊದಲು ನೋಡುವುದು ಬ್ಯಾಲಸ್ಟ್ ಕಡೆಗೆ. ಮೀಟರ್ ಹಿಡಿದು ನೋಡಿದೆ. ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕಡೆಯ ಸುರುಳಿ) 1.5 ಓಮ್, ಬ್ಯಾಲಸ್ಟ್ 1.5 ಓಮ್. ಎರಡೂ ಸಮ. ಹಾಗಾಗಿ ಕಾಯಿಲ್‌ನಲ್ಲಿ ಕರೆಂಟ್ ಹರಿಯುವಾಗ ಅದರ ಪ್ಲಸ್‌ನಲ್ಲಿ ಉಳಿಯುವುದು ಬ್ಯಾಟರಿಯ ಅರ್ಧ, ಅಂದರೆ 6 ವೋಲ್ಟ್ ಆಸುಪಾಸು. ನಿಮ್ಮ ಪೆಟ್ಟಿಗೆ ಮೇಲೆಯೇ ಮಾಡ್ಯೂಲ್‌ಗೆ ಕನಿಷ್ಠ 8 ವೋಲ್ಟ್ ಬೇಕು ಎಂದು ಅಚ್ಚಾಗಿದೆ. ಪೆಟ್ಟಿಗೆ ಹೇಳುವುದು ಒಂದು, ಒಳಗಿನ ಹಾಳೆ ಮಾಡಿಸುವುದು ಇನ್ನೊಂದು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಮೊದಲು ಸಿಕ್ಕ ಉತ್ತರ "ಕಂಡೆನ್ಸರ್ ಬದಲಿಸಿ ನೋಡಿ". ಈ ಕಿಟ್ ಹಾಕುವಾಗ ಪಾಯಿಂಟ್ ಜೊತೆ ಕಂಡೆನ್ಸರನ್ನೂ ತೆಗೆಯಬೇಕು. ಅದು ನಿಮ್ಮದೇ ಹಾಳೆಯ ಮೊದಲ ಹೆಜ್ಜೆ. ಫೋನ್ ಎತ್ತಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ಸರಿಯಾದ ಮಾಹಿತಿ ಕೊಡದಿರುವುದು ಕಂಪನಿಯ ಲೋಪ.

ಆಮೇಲೆ ಇಮೇಲ್‌ನಲ್ಲಿ ಎಲ್ಲ ರೀಡಿಂಗ್ ಬರೆದು ಕಳಿಸಿದೆ. "ಬ್ಯಾಲಸ್ಟ್ ತೆಗೆದು ಕಾಯಿಲ್‌ಗೆ ನೇರ 12 ವೋಲ್ಟ್ ಕೊಡಿ" ಎಂದು ಉತ್ತರ ಬಂತು. ನನಗೆ ಅನುಮಾನ ಬಂದು, ಕಾಯಿಲ್ 1.5 ಓಮಿನದು, ಪರವಾಗಿಲ್ಲವೇ ಎಂದು ಮತ್ತೆ ಕೇಳಿದೆ. "ಯಾವ ಕಾಯಿಲ್ ಆದರೂ ನಡೆಯುತ್ತದೆ" ಎಂದು ಬರೆದಿರಿ. ನನ್ನ ದೂರಿನ ಮುಖ್ಯ ಭಾಗ ಈ ಒಂದು ಸಾಲು. ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಓದಿ.

ಎಂಜಿನ್ ಓಡುವಾಗ ಸಿಸ್ಟಮ್ ವೋಲ್ಟೇಜ್ ಸುಮಾರು 14 ಇರುತ್ತದೆ. ಕಾಯಿಲ್ ಮತ್ತು ಬ್ಯಾಲಸ್ಟ್ ಸೇರಿ 3 ಓಮ್ ಇದ್ದರೆ ಕರೆಂಟ್ ಹೆಚ್ಚೆಂದರೆ ನಾಲ್ಕೂವರೆ ಆಂಪಿಯರ್ ಹತ್ತಿರ ಹೋಗುತ್ತದೆ. 1.5 ಓಮ್ ಮಾತ್ರ ಉಳಿದರೆ ಅದು 9 ಆಂಪಿಯರ್ ದಾಟಬಹುದು. ಐಡ್ಲಿಂಗ್‌ನಲ್ಲಿ ಕಾಯಿಲ್ ತುಂಬಲು ಸಮಯ ಜಾಸ್ತಿ ಸಿಗುವುದರಿಂದ ಪರಿಸ್ಥಿತಿ ಇನ್ನೂ ಕೆಟ್ಟದು. ಈ ಕರೆಂಟ್ ಪೂರ್ತಿ ನಿಮ್ಮ ಮಾಡ್ಯೂಲಿನ ಟ್ರಾನ್ಸಿಸ್ಟರ್ ಮೂಲಕವೇ ಹೋಗಬೇಕು. ಬ್ಯಾಲಸ್ಟ್ ತೆಗೆಯುವುದಾದರೆ ಕಾಯಿಲನ್ನೂ 3 ಓಮಿನದಕ್ಕೆ ಬದಲಿಸಬೇಕು. ಹಳೆ ಕಾಯಿಲ್ ಇಟ್ಟುಕೊಳ್ಳುವುದಾದರೆ ಬ್ಯಾಲಸ್ಟ್ ಇರಲೇಬೇಕು, ಕೆಂಪು ವೈರನ್ನು ಮಾತ್ರ ಬ್ಯಾಲಸ್ಟಿನ ಸ್ವಿಚ್ ಕಡೆಯ ತುದಿಗೆ ಕೊಡಬೇಕು. ಇರುವುದು ಈ ಎರಡೇ ದಾರಿ. ನೀವು ಹೇಳಿದ್ದು ಎರಡೂ ಅಲ್ಲ.

ನಿಮ್ಮ ಮಾತಿನಂತೆ ಮಾಡಿದ ಮೇಲೆ ಗಾಡಿ ಮೊದಮೊದಲು ಚೆನ್ನಾಗಿಯೇ ಓಡಿತು. ಆದರೆ ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ನಂತರ ಬಿಸಿಯಾದಾಗಲೆಲ್ಲ ಎಂಜಿನ್ ತಾನಾಗಿ ಆಫ್ ಆಗತೊಡಗಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಒಮ್ಮೆ ಲೋಡ್ ಇರುವಾಗ ಏರಿನಲ್ಲಿ ನಿಂತಿತು, ಹಿಂದೆ ವಾಹನಗಳು ಬರುತ್ತಿದ್ದವು. ಹಳೆ ಟ್ರಕ್ಕಿಗೆ ಅದು ಎಂಥ ಅಪಾಯ ಎಂದು ನಿಮಗೆ ವಿವರಿಸಬೇಕಿಲ್ಲ. ಕೊನೆಗೆ ಸ್ಪಾರ್ಕ್ ಬರುವುದೇ ನಿಂತುಹೋಯಿತು.

ತಪ್ಪು ಬೇರೆ ಕಡೆ ಇರಬಹುದೇ ಎಂದೂ ಪರೀಕ್ಷಿಸಿದ್ದೇನೆ. ಮಾಡ್ಯೂಲ್‌ಗೆ ಅರ್ತ್ ಸಿಗುವುದು ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟಿನಿಂದ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ನಿರ್ವಾತದಿಂದ ಟೈಮಿಂಗ್ ಮುಂದೂಡುವ ಭಾಗ) ಎಳೆದಾಗ ಆ ಪ್ಲೇಟ್ ತಿರುಗುತ್ತದೆ, ಹಾಗಾಗಿ ಅದಕ್ಕೊಂದು ತೆಳು ಅರ್ತ್ ವೈರ್ ಇರುತ್ತದೆ. ಹಳೆ ಗಾಡಿಗಳಲ್ಲಿ ಅದು ಎಳೆ ಎಳೆಯಾಗಿ ಹರಿದಿರುವುದು ಮಾಮೂಲು. ನನ್ನದು ಹೊಸದು, ರೀಡಿಂಗ್ ಸೊನ್ನೆಯ ಹತ್ತಿರ. ಪ್ಲಗ್ ವೈರ್‌ಗಳು ತಾಮ್ರದ ಎಳೆಯವಲ್ಲ, ಕಾರ್ಬನ್ ವೈರ್‌ಗಳೇ. ಆದ್ದರಿಂದ ಸೆನ್ಸರ್‌ಗೆ ಅಡ್ಡಿಯಾಗುವ ಮಾತಿಲ್ಲ. ಆಮೇಲೆ ಬ್ಯಾಲಸ್ಟ್ ಸಮೇತ ಹಳೆ ಪಾಯಿಂಟ್ ಮತ್ತು ಕಂಡೆನ್ಸರ್ ವಾಪಸ್ ಹಾಕಿ, 0.4 ಮಿಲಿಮೀಟರ್ ಗ್ಯಾಪ್ ಇಟ್ಟೆ. ಎಂಜಿನ್ ಒಂದೂ ಮಿಸ್ಸಿಂಗ್ ಇಲ್ಲದೆ ಓಡಿತು. ಕಾಯಿಲ್, ಕ್ಯಾಪ್, ರೋಟರ್, ಪ್ಲಗ್ ಎಲ್ಲ ಸರಿಯಿವೆ ಎಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಇನ್ನೊಂದು ವಿಷಯ. ಗೆಳೆಯರೊಬ್ಬರ ಹತ್ತಿರ ನಿಮ್ಮದೇ ಇನ್ನೊಂದು ಮಾಡ್ಯೂಲ್ ಇತ್ತು. ಅದನ್ನು ತಂದು, ಬ್ಯಾಲಸ್ಟ್ ಉಳಿಸಿಕೊಂಡು, ಕೆಂಪು ವೈರನ್ನು ಸ್ವಿಚ್ ಕಡೆಗೆ ಕೊಟ್ಟೆ. ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಮತ್ತೆ ಕೂರಿಸಿದೆ. ಕೀ ಬಿಟ್ಟರೂ ಎಂಜಿನ್ ನಿಲ್ಲಲಿಲ್ಲ, ಕಾಯಿಲ್ ಅತಿಯಾಗಿ ಕಾಯಲಿಲ್ಲ, ಐಡ್ಲಿಂಗ್ ಅಷ್ಟು ನಯವಾಗಿ ನಾನು ಎಂದೂ ಕೇಳಿರಲಿಲ್ಲ. ಅಂದರೆ ನಿಮ್ಮ ವಸ್ತು ಚೆನ್ನಾಗಿದೆ. ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ. ಎಲೆಕ್ಟ್ರಾನಿಕ್ ಇಗ್ನಿಷನ್ 1970ರ ದಶಕದಿಂದ ಸಾಮಾನ್ಯ ಗಾಡಿಗಳಲ್ಲಿ ಇದೆ. ಬ್ಯಾಲಸ್ಟ್ ವಿಷಯ ಹೊಸ ವಿದ್ಯೆ ಏನಲ್ಲ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರೆ ಮಾಡ್ಯೂಲ್ ಉಳಿಯುತ್ತಿತ್ತು.

ನನಗೆ ಬೇಕಾಗಿರುವುದು ಇವು. ಸುಟ್ಟ ಮಾಡ್ಯೂಲ್ ಬದಲು ಹೊಸದನ್ನು ಉಚಿತವಾಗಿ ಕೊಡಿ. ನನ್ನ ದೂರಿನ ಕಡತದಲ್ಲಿ "ಅಳವಡಿಕೆಯ ತಪ್ಪು" ಎಂದು ಬರೆದಿರುವುದನ್ನು ತೆಗೆಯಿರಿ. ಅದಕ್ಕಿಂತ ಮುಖ್ಯವಾಗಿ ಹಾಳೆಯನ್ನು ತಿದ್ದಿ. ವೈರ್ ಕೊಡುವ ಮೊದಲು ಕಾಯಿಲ್ ಮತ್ತು ಬ್ಯಾಲಸ್ಟಿನ ಓಮ್ ಅಳೆಯಲು ಹೇಳಿ, ಎರಡೂ ದಾರಿಗೆ ಬೇರೆ ಬೇರೆ ಚಿತ್ರ ಹಾಕಿ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಬಿಡಬಾರದು ಎಂಬುದನ್ನೂ ಸೇರಿಸಿ. ಪಾಸಿಟಿವ್ ಅರ್ತ್ ಗಾಡಿಗೆ ಈ ಕಿಟ್ ಆಗುವುದಿಲ್ಲ ಎಂಬುದು ಈಗ ಪೆಟ್ಟಿಗೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿದೆ. ಅದನ್ನು ಮೇಲೆ, ದೊಡ್ಡದಾಗಿ ಹಾಕಿ. ಈಗಾಗಲೇ ಕಿಟ್ ಕೊಂಡವರಿಗೂ ಹೊಸ ಹಾಳೆ ಕಳಿಸಿ, ಅವರಲ್ಲಿ ಎಷ್ಟೋ ಜನರ ಕಾಯಿಲ್ ಈಗಲೂ ಕಾಯುತ್ತಿರಬಹುದು.

ಸುಟ್ಟ ಮಾಡ್ಯೂಲನ್ನು ಬಿಚ್ಚದೆ ಹಾಗೆಯೇ ಇಟ್ಟಿದ್ದೇನೆ. ಯಾವ ವಿಳಾಸಕ್ಕೆ ಕಳಿಸಬೇಕು ಎಂದು ತಿಳಿಸಿದರೆ ನಿಮ್ಮ ತಂತ್ರಜ್ಞರೇ ಪರೀಕ್ಷಿಸಬಹುದು. ಈ ಸಲ ಉತ್ತರ ಕೊಡುವವರು ಇಗ್ನಿಷನ್ ಕೆಲಸ ಬಲ್ಲವರಾಗಿರಲಿ, ಮತ್ತು ಉತ್ತರ ಲಿಖಿತವಾಗಿಯೇ ಇರಲಿ ಎಂದು ಕೋರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ ಪ್ರತಿ, ಇಮೇಲ್ ಪ್ರತಿಗಳು, ಮೀಟರ್ ರೀಡಿಂಗ್ ಫೋಟೊಗಳು, ಸೂಚನಾ ಹಾಳೆಯ ಪ್ರತಿ