ನೊಣ ಸಾಕಿದ ಅಣ್ಣನಿಗೆ

ಡಿಸೆಂಬರ್ 18 ಕಳೆದು ವಾರವಾಯಿತು. ನಮ್ಮ ನೆನಪಿನ ಕಾರ್ಯಕ್ರಮಕ್ಕೆ ಬಂದವರಿಗೆಲ್ಲ ಅವತ್ತೇ ವೇದಿಕೆ ಮೇಲಿಂದ ಕೈಮುಗಿಯಬೇಕಿತ್ತು. ಗಂಟಲು ಕಟ್ಟಿಕೊಂಡು ಮಾತು ಹೊರಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ತಳಿವಿಜ್ಞಾನಿ ಪ್ರೊಫೆಸರ್ ಥಿಯೋಡೋಸಿಯಸ್ ಡಾಬ್ಜಾನ್ಸ್ಕಿ ತೀರಿಕೊಂಡು ಅವತ್ತಿಗೆ 50 ವರ್ಷ. "ಯಾರಮ್ಮ ಅದು, ನಮ್ಮ ಮೈಸೂರಿಗೂ ಅವರಿಗೂ ಏನು?" ಅಂತ ಕೇಳಿದವರು ಬಹಳ ಮಂದಿ. 1900ರಲ್ಲಿ ಉಕ್ರೇನಿನ ನೆಮಿರಿವ್ ಎಂಬ ಊರಲ್ಲಿ ಹುಟ್ಟಿದವರು. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಅವರಾಡುತ್ತಿದ್ದ ಭಾಷೆಯೂ ರಷ್ಯನ್ನೇ. ಅಂತರ್ಯುದ್ಧದಲ್ಲಿ ಕೀವ್ ನಗರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬೀಳುತ್ತಿದ್ದಾಗ ಅಲ್ಲೇ ಓದುತ್ತ, ಗುಲಗಂಜಿ ಹುಳುಗಳನ್ನು ಹಿಡಿದು ನೋಡುತ್ತಿದ್ದ ಹುಡುಗ. 1927ರ ಡಿಸೆಂಬರ್ ಕೊನೆಗೆ ಹೆಂಡತಿ ನತಾಶಾ ಜೊತೆ ನ್ಯೂಯಾರ್ಕ್‌ನಲ್ಲಿ ಹಡಗಿನಿಂದಿಳಿದರು. ಫೆಲೋಶಿಪ್ ಮುಗಿಸಿಕೊಂಡು ವಾಪಸ್ ಹೋಗಬೇಕಾದವರು, ಅಲ್ಲೇ ನಿಂತುಬಿಟ್ಟರು.

ಅಲ್ಲಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಮಾರ್ಗನ್ ಅವರ ನೊಣದ ಕೋಣೆಯಲ್ಲಿ ಹಾಲಿನ ಬಾಟ್ಲಿಯಲ್ಲಿ ಸಾಕುತ್ತಿದ್ದರಲ್ಲ, ಬಾಳೆಹಣ್ಣಿಗೆ ಮುತ್ತುವ ಅದೇ ಸಣ್ಣ ನೊಣ, ನಮ್ಮ ಡ್ರೊಸೊಫಿಲ. ಡಾಬ್ಜಾನ್ಸ್ಕಿ ಮಾತ್ರ ಬಾಟ್ಲಿ ಬಿಟ್ಟು ಕ್ಯಾಲಿಫೋರ್ನಿಯಾದ ಬೆಟ್ಟ ಹತ್ತಿದರು, ಹಲವು ಸಲ ಕುದುರೆ ಮೇಲೆ. ಕಾಡಿನ ನೊಣಗಳ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಅಲ್ಲಲ್ಲಿ ಒಂದು ತುಂಡು ತಿರುಗುಮುರುಗಾಗಿ ಕೂತಿರುತ್ತದೆ, ಪುಸ್ತಕ ಹೊಲಿಯುವಾಗ ಒಂದು ಮಡಿಕೆ ತಲೆಕೆಳಗಾದ ಹಾಗೆ. ಯಾವ ಜೋಡಣೆಯವು ಎಷ್ಟಿವೆ ಎಂಬ ಲೆಕ್ಕ ವಸಂತದಿಂದ ಬೇಸಿಗೆಗೆ ಬದಲಾಗುತ್ತದೆ, ಮರುವರ್ಷ ಮತ್ತೆ ಹಾಗೇ ಬದಲಾಗುತ್ತದೆ ಎಂದು ಎಣಿಸಿ ತೋರಿಸಿದರು. ಲಕ್ಷಾಂತರ ವರ್ಷ ಬೇಕು ಎಂದುಕೊಂಡಿದ್ದ ನಿಸರ್ಗದ ಆಯ್ಕೆ, ಅಂದರೆ ಆ ಹೊತ್ತಿನ ಪರಿಸರಕ್ಕೆ ಒಗ್ಗಿದ್ದು ಹೆಚ್ಚುವುದು, ಕೆಲವೇ ತಿಂಗಳಲ್ಲಿ ಕಣ್ಣಿಗೆ ಬಿತ್ತು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುವಾಗ ನಾವೂ ಅದೇ ಕುಲದ ನೊಣ ಸಾಕಿದವರು. ಮೈಸೂರಿಗೂ ಅವರಿಗೂ ನಾನು ಬಲ್ಲ ನಂಟು ಅಷ್ಟೇ, ನನಗೆ ಅದು ಸಾಕು.

ನವೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯಲಾರೆ.

ಸಭಾಂಗಣ ಬಿಟ್ಟುಕೊಟ್ಟ ಶಾಲೆಯವರಿಗೆ, ಸೂಕ್ಷ್ಮದರ್ಶಕ ಹೊತ್ತು ತಂದ ಹಳೇ ವಿದ್ಯಾರ್ಥಿಗಳಿಗೆ, ಚಿತ್ರಾನ್ನ ಕಟ್ಟಿಕೊಟ್ಟ ಪಕ್ಕದ ಮನೆ ಅಕ್ಕನಿಗೆ, ಮೂರು ವಾರ ನನ್ನನ್ನು ಒಂಟಿಯಾಗಿ ಬಿಡದ ತಂಗಿಗೆ ನಾನು ಋಣಿ.

ಇನ್ನು ನಮ್ಮ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಲ್ಯಾಬ್ ಅಟೆಂಡರ್ ಆಗಿ ನಿವೃತ್ತರಾದವರು. ನೊಣದ ಅಡುಗೆಯಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಬೂಸಲು ಹಿಡಿಯದಂತೆ ಕೊನೆಗೆ ಸ್ವಲ್ಪ ಪ್ರೊಪಿಯೋನಿಕ್ ಆಮ್ಲ. ಆಮ್ಲ ಹಾಕುವ ತನಕ ಮನೆ ತುಂಬ ಸಜ್ಜಿಗೆಯ ವಾಸನೆ. ನಮ್ಮ ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದ ದಿನದಿಂದ ನಮ್ಮ ಬಾಟ್ಲಿಗಳು ಅವರ ಅಡುಗೆಮನೆಯಲ್ಲಿದ್ದವು. ನಾನು ಕೇಳಿಕೊಂಡಿರಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಐಸಿಯು ಹೊರಗಿನ ಬೆಂಚಿಗೆ ಬಂದು ಕೂತರು. ಫ್ಲಾಸ್ಕಿನಲ್ಲಿ ಕಾಫಿ. ನಾನು ಮುಟ್ಟಲಿಲ್ಲ, ಅವರೂ ಬಲವಂತ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ, "ಮೇಡಮ್ಮೋರೆ, ಮೂರ್ನೇ ಬಾಟ್ಲೀಲಿ ಮರಿಗಳು ಗೋಡೆ ಹತ್ತಿದಾವೆ" ಅಂದರು. ಕೋಶವಾಗುವ ಮುಂಚೆ ಮರಿಹುಳು ತಿನ್ನುವುದು ಬಿಟ್ಟು ಗಾಜಿನ ಮೇಲಕ್ಕೆ ಹತ್ತುತ್ತದೆ. ಅದೆಷ್ಟು ಮಕ್ಕಳಿಗೆ ನಾನೇ ಹೇಳಿಕೊಟ್ಟದ್ದು! ನಾಲ್ಕು ಗಂಟೆಗೆ ಒಳಗಿಂದ ಕರೆ ಬಂತು. ಎದ್ದು ನಿಲ್ಲಲು ಕಾಲು ಬರಲಿಲ್ಲ. ಅವರು ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟರು.

ಡಾಬ್ಜಾನ್ಸ್ಕಿಗೆ 1968ರಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು, ಮರುವರ್ಷ ನತಾಶಾ ಹೋದರು, ಆದರೂ ಕೊನೆತನಕ ಸಂಶೋಧನೆ ನಡೆಸಿದರು. ಪಾಠ ಮಾಡುವಾಗ ಈ ಮೂರನ್ನೂ ಒಂದೇ ಉಸಿರಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. "ಆದರೂ" ಅನ್ನುವ ಪದವನ್ನು ಎಷ್ಟು ಸಲೀಸಾಗಿ ಬಳಸಿಬಿಟ್ಟಿದ್ದೆ! ನತಾಶಾ ಇಲ್ಲದ ಮನೆಯಿಂದ ಆ ಮನುಷ್ಯ ಮೊದಲ ದಿನ ಲ್ಯಾಬಿಗೆ ಹೇಗೆ ಹೊರಟಿರಬಹುದು? ಬಾಗಿಲಿಗೆ ಬೀಗ ಹಾಕುವಾಗ ಒಳಗೆ ಯಾರಿಗಾದರೂ ಹೇಳಿ ಹೊರಡುವ ಅಭ್ಯಾಸ ಅವರಿಗೂ ಇತ್ತೋ ಏನೋ. ನನಗೆ ಇನ್ನೂ ಹೋಗಿಲ್ಲ.

ಕಾರ್ಯಕ್ರಮ ರದ್ದು ಮಾಡೋಣ ಎಂದಿದ್ದೆ. "ನೊಣ ರೆಡಿ ಇದಾವಲ್ಲ" ಅಂದರು ಅಣ್ಣ. ಪೋಸ್ಟರಿನ ಕಾಗುಣಿತವನ್ನು ನಮ್ಮ ಯಜಮಾನರು ಅಕ್ಟೋಬರ್‌ನಲ್ಲೇ ತಿದ್ದಿ ಇಟ್ಟಿದ್ದರು. "ಡೊ" ಅಲ್ಲ "ಡಾ" ಅಂತ ಒಂದು ಸಂಜೆಯೆಲ್ಲ ಜಗಳವಾಡಿದ್ದೆವು. ಅವರು ತಿದ್ದಿದ ಹಾಗೇ ಅಚ್ಚಾಯಿತು.

ಅವತ್ತು ಅಣ್ಣ ಎರಡು ಸೂಜಿ ಹಿಡಿದು ಮರಿಹುಳುವಿನ ಜೊಲ್ಲುಗ್ರಂಥಿ ಬಿಡಿಸಿ ಬಣ್ಣ ಹಾಕಿಕೊಟ್ಟರು. ಮಕ್ಕಳು ಸಾಲಾಗಿ ನಿಂತು ಆ ಗ್ರಂಥಿಯ ಪಟ್ಟೆಪಟ್ಟೆಯ ವರ್ಣತಂತು ನೋಡಿದರು. ಒಬ್ಬಳು ಹುಡುಗಿ ನಕ್ಷೆ ಮುಟ್ಟಿ, "ಮಿಸ್, ಈಗ ಬಾಂಬ್ ಬೀಳ್ತಿರೋ ಕೀವ್ ಇದೇನಾ?" ಅಂದಳು. ಹೌದು ಅಂದೆ.

ಎಲ್ಲರೂ ಹೋದಮೇಲೆ, ಉಳಿದ ನೊಣಗಳನ್ನು ಕಿಟಕಿಯಿಂದಾಚೆ ಬಿಟ್ಟುಬಿಡೋಣವಾ ಅಂತ ಕೇಳಿದೆ. ಅಣ್ಣ ಬಾಟ್ಲಿಗಳನ್ನು ಹಳೇ ಚೀಲಕ್ಕೆ ಹಾಕಿಕೊಳ್ಳುತ್ತಲೇ ಇದ್ದರು.

"ಭಾನುವಾರ ಹೊಸ ಬಾಟ್ಲಿಗೆ ಹಾಕ್ಬೇಕು ಮೇಡಮ್ಮೋರೆ. ರವೆ ನಂತಾವ ಐತೆ. ನೀವು ಬೆಲ್ಲ ತಗೊಂಡ್ ಬನ್ನಿ."