ಮಂಜನಿಗೆ, ಡ್ವೈಟ್ ಎಂಬ ರೈಲು ಊರಿನ ಬಗ್ಗೆ

ಲೋ ಮಂಜ,

ಷಿಕಾಗೋದ ಎತ್ತರದ ಕಟ್ಟಡಗಳ ಫೋಟೋ ಸಾಕು ಮಾರಾಯ, ಅಲ್ಲಿ ಊರು ಅನ್ನುವಂಥ ಊರಿದ್ದರೆ ತೋರಿಸು ಅಂದಿದ್ದೆಯಲ್ಲ, ತಗೋ. ಹೆಸರು ಡ್ವೈಟ್. ಇಲಿನಾಯ್ ರಾಜ್ಯದಲ್ಲೇ, ಷಿಕಾಗೋದಿಂದ ನೈಋತ್ಯಕ್ಕೆ ಸುಮಾರು 120 ಕಿಲೋಮೀಟರ್. ಜನ ನಾಲ್ಕು ಸಾವಿರದ ಆಸುಪಾಸು. ಕಣ್ಣು ಹಾಯಿಸಿದಷ್ಟು ದೂರ ಮುಸುಕಿನ ಜೋಳ, ಸೋಯಾ. ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ.

ನಮ್ಮ ಕಡೆ ಊರು ಮೊದಲು, ರೈಲು ಆಮೇಲೆ. ಇಲ್ಲಿ ಹಾಗಲ್ಲ. 1854ರಲ್ಲಿ ಹಳಿ ಬಂತು, ಹಳಿ ಹಾಕಿಸಿದವರೇ ಬಯಲು ಅಳೆದು ಸೈಟು ಮಾಡಿ ಊರು ಎಬ್ಬಿಸಿದರು. ದಾರಿಗೆ ದುಡ್ಡು ಹಾಕಿದ್ದ ಹೆನ್ರಿ ಡ್ವೈಟ್ ಎಂಬಾತನ ಹೆಸರೇ ಊರಿಗೂ ಆಯಿತು. ಆಮೇಲೆ ಅದು ಷಿಕಾಗೋ ಅಂಡ್ ಆಲ್ಟನ್ ಕಂಪನಿಯ ದಾರಿ. ರೈಲು ಬೋಗಿಗೆ ಹೆಸರಾದ ಜಾರ್ಜ್ ಪುಲ್‌ಮನ್ ತನ್ನ ಮೊದಲ ಮಲಗುವ ಬೋಗಿಯನ್ನು 1859ರಲ್ಲಿ ಓಡಿಸಿದ್ದು ಇದೇ ಹಳಿಯ ಮೇಲೆ. ಮರುವರ್ಷ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವನು, ಹಕ್ಕಿ ಬೇಟೆಗೆ ಇಲ್ಲಿ ಬಂದು ತಂಗಿದ್ದ. 1865ರ ಮೇ ತಿಂಗಳಲ್ಲಿ ಲಿಂಕನ್ ಪಾರ್ಥಿವ ಶರೀರ ಹೊತ್ತ ರೈಲು ರಾತ್ರಿಯಲ್ಲಿ ಈ ಊರು ದಾಟಿ ಸ್ಪ್ರಿಂಗ್‌ಫೀಲ್ಡಿಗೆ ಹೋಯಿತು.

ಡಿಪೋ, ಅಂದರೆ ಹಳೇ ರೈಲ್ವೆ ಸ್ಟೇಷನ್, ನೋಡಬೇಕು ನೀನು. ಅಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಕಲ್ಲಿನ ಕಟ್ಟಡ! ದಪ್ಪ ದಪ್ಪ ಒರಟು ಕಲ್ಲು, ಅಗಲದ ಕಮಾನು. 1891ರಲ್ಲಿ ಕಟ್ಟಿದ್ದು, ನಕ್ಷೆ ಷಿಕಾಗೋದ ಹೆನ್ರಿ ಐವ್ಸ್ ಕಾಬ್ ಅವರದು. 2016ರಲ್ಲಿ ಬೇರೆ ಸ್ಟೇಷನ್ ಆಯಿತು, ಹಳೆಯದರಲ್ಲಿ ಈಗ ಊರಿನ ಮ್ಯೂಸಿಯಂ. ಎದುರಿಗೇ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ನಕ್ಷೆ ಹಾಕಿದ ಪುಟ್ಟ ಬ್ಯಾಂಕು. ಒಂದು ಹಳ್ಳಿಗೆ ಇಷ್ಟೆಲ್ಲ ಯಾಕೆ ಬಂತು ಅಂತ ಹುಡುಕಹೊರಟೆ. ಅಲ್ಲಿಂದಾಚೆ ನನ್ನ ನಿದ್ದೆ ಕೆಟ್ಟಿತು.

ಆ ಕಟ್ಟಡ ಎದ್ದ ಕಾಲದಲ್ಲಿ ರೈಲಿನಿಂದ ಇಲ್ಲಿ ಇಳಿಯುತ್ತಿದ್ದವರಲ್ಲಿ ಬಹಳ ಜನ ಕುಡುಕರು. ಲೆಸ್ಲಿ ಕೀಲಿ ಅಂತ ಒಬ್ಬ ಡಾಕ್ಟರು, ಅಂತರ್ಯುದ್ಧದಲ್ಲಿ ಸೇನೆಯ ವೈದ್ಯರಾಗಿದ್ದವರು, ಈ ಊರಲ್ಲಿ ನೆಲೆ ನಿಂತಿದ್ದರು. 'ಕುಡಿತ ಒಂದು ಕಾಯಿಲೆ, ಅದನ್ನು ನಾನು ವಾಸಿ ಮಾಡಬಲ್ಲೆ' ಅಂತ 1879ರಲ್ಲಿ ಸಾರಿದರು. ಚಿನ್ನದ ಲವಣದ ಮದ್ದು ಅಂದರು, ಗೋಲ್ಡ್ ಕ್ಯೂರ್ ಅಂತಲೇ ಹೆಸರಾಯಿತು. ನಾಲ್ಕು ವಾರ, ದಿನಕ್ಕೆ ನಾಲ್ಕು ಇಂಜೆಕ್ಷನ್, ವಾರಕ್ಕೆ 25 ಡಾಲರ್. 1891ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಜೋಸೆಫ್ ಮೆಡಿಲ್ ಪರೀಕ್ಷೆಗೆಂದು ಕೆಲವು ಕುಡುಕರನ್ನು ಕಳಿಸಿದರು. ಹೋದವರು ಬೇರೆ ಮನುಷ್ಯರಾಗಿ ವಾಪಸು ಬಂದರು ಅಂತ ಬರೆದರು. ಅಷ್ಟೇ, ರೈಲು ತುಂಬಿ ಜನ ಬಂದರು. ಹೋಟೆಲು ಎದ್ದವು, ರಸ್ತೆ ಎದ್ದವು. ಅಮೆರಿಕದಲ್ಲೂ ಯುರೋಪಿನಲ್ಲೂ ಸೇರಿ 200ಕ್ಕೂ ಹೆಚ್ಚು ಶಾಖೆಗಳಾದವು.

ಮದ್ದಿನ ಗುಟ್ಟನ್ನು ಅವರು ಬಿಟ್ಟುಕೊಡಲೇ ಇಲ್ಲ. ಪರೀಕ್ಷಿಸಿ ನೋಡಿದ ಕೆಲವರಿಗೆ ಅದರಲ್ಲಿ ಚಿನ್ನದ ಸುಳಿವೇ ಸಿಗಲಿಲ್ಲ. ವೈದ್ಯಲೋಕ ಅವರನ್ನು ಒಪ್ಪಲಿಲ್ಲ, ಒಪ್ಪಬಾರದಿತ್ತು ಕೂಡ. ಅದರ ವಕಾಲತ್ತು ನನಗೆ ಬೇಡ. 1900ರಲ್ಲಿ ಕೀಲಿ ತೀರಿಕೊಂಡರು. ಸಂಸ್ಥೆ ಮಾತ್ರ 1960ರ ದಶಕದವರೆಗೂ ನಡೆಯಿತು.

ನನ್ನನ್ನು ಹಿಡಿದದ್ದು ಊರು, ಮಂಜ. ಇವರನ್ನು ಕೂಡಿ ಹಾಕಲಿಲ್ಲ. ಕಂಬಿ ಇಲ್ಲ, ಬೀಗ ಇಲ್ಲ. ಹೊಸದಾಗಿ ಬಂದವನು ವಿಸ್ಕಿ ಕೇಳಿದರೆ, ತಾನಾಗಿ ಸಾಕು ಅನ್ನುವವರೆಗೆ ಕೊಡುತ್ತಿದ್ದರು. ಇಂಜೆಕ್ಷನ್ ಹೊತ್ತಿಗೆ ಜಡ್ಜು, ಡಾಕ್ಟರು, ಕೂಲಿಯವನು ಎಲ್ಲ ಒಂದೇ ಸಾಲಲ್ಲಿ, ಅಂಗಿ ತೋಳು ಮಡಿಸಿ ನಿಲ್ಲಬೇಕು. ಉಳಿದ ಹೊತ್ತು ಊರೆಲ್ಲ ತಿರುಗಾಡಿಕೊಂಡಿರಬಹುದು. ರೋಗಿಗಳೇ 1891ರಲ್ಲಿ ಸಂಘ ಕಟ್ಟಿಕೊಂಡು ದಿನಾ ಬೆಳಿಗ್ಗೆ ಸೇರುತ್ತಿದ್ದರು. ಹೊಸಬರಿಗೆ ಸ್ವಾಗತ, ಗುಣವಾಗಿ ಹೊರಟವನಿಂದ ಬೀಳ್ಕೊಡುಗೆಯ ಮಾತು. ಊರಿನ ಅಂಗಡಿಯವನಿಗೂ, ಮನೆ ಬಾಡಿಗೆಗೆ ಕೊಟ್ಟ ಹೆಂಗಸಿಗೂ ಇವನು ಯಾಕೆ ಬಂದಿದ್ದಾನೆ ಅಂತ ಗೊತ್ತು. ಗೊತ್ತಿದ್ದೂ ನಮಸ್ಕಾರ ಹೇಳುತ್ತಾರೆ. ಇವರಿಂದಲೇ ಊರು ಬೆಳೆಯಿತು ನಿಜ, ದುಡ್ಡಿನ ನಂಟು ಇದ್ದೇ ಇತ್ತು. ಇದ್ದರೇನು? ಪ್ಲಾಟ್‌ಫಾರಂ ಮೇಲೆ ಕಾಲಿಟ್ಟವನು ಸುಳ್ಳು ಹೇಳಬೇಕಾಗಿರಲಿಲ್ಲ.

ನಮ್ಮಪ್ಪ ಕುಡಿಯುತ್ತಿದ್ದರು.

ನೀನು ಸಂಜೆ ಮನೆಗೆ ಬಂದಾಗೆಲ್ಲ 'ಅಪ್ಪನಿಗೆ ತಲೆನೋವು ಕಣೋ, ಕಟ್ಟೆ ಹತ್ರ ಹೋಗೋಣ ಬಾ' ಅನ್ನುತ್ತಿದ್ದೆನಲ್ಲ, ಅದು ಇದೇ. ನೀನು ಯಾವತ್ತೂ ಕೆದಕಲಿಲ್ಲ. ನಾವು ಪಿಯುಸಿಯಲ್ಲಿದ್ದಾಗ ಅಪ್ಪ ಒಂದು ತಿಂಗಳು 'ಕಾಶಿಯಾತ್ರೆ' ಹೋಗಿದ್ದರು ನೋಡು. ಕಾಶಿಯಲ್ಲ. ಅಮ್ಮನೂ ಮಾವನೂ ಕತ್ತಲಿರುವಾಗಲೇ ಮೊದಲ ಬಸ್ಸಿಗೆ ಹತ್ತಿಸಿ, ನಮ್ಮವರು ಯಾರೂ ಇಲ್ಲದ ಊರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ವಾಪಸು ಬಂದಾಗ ಅಪ್ಪ ನಿಜಕ್ಕೂ ಬಿಟ್ಟಿದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಪೇಪರ್ ಓದುತ್ತಾ ಕೂರುವರು. ಆದರೆ 'ಭೇಷ್' ಅನ್ನುವುದಕ್ಕೆ ಒಬ್ಬರಿಲ್ಲ. ಯಾರಿಗೂ ಗೊತ್ತಿರಲಿಲ್ಲವಲ್ಲ! ಬಂದವರೆಲ್ಲ ಕಾಶಿ ಹೇಗಿತ್ತು ಅಂತ ಕೇಳುವರು, ಅಪ್ಪ ನೋಡದ ಗಂಗೆಯ ಕಥೆ ಹೇಳುವರು. ದೀಪಾವಳಿಯ ಹೊತ್ತಿಗೆ ಮತ್ತೆ ಶುರುವಾಯಿತು. ಮುಂದಿನದು ನಿನಗೆ ಗೊತ್ತು, ಹೆಗಲು ಕೊಟ್ಟವನು ನೀನು. ಹೃದಯಾಘಾತ ಅಂತ ಎಲ್ಲರಿಗೂ ಹೇಳಿದೆವು.

ನಮ್ಮಲ್ಲೂ ಈಗ ಮದ್ಯವರ್ಜನ ಶಿಬಿರಗಳು ಊರ ನಡುವೆಯೇ ನಡೆಯುತ್ತವೆ. ಬಿಟ್ಟವರು ನವಜೀವನ ಸಮಿತಿ ಅಂತ ಸೇರುತ್ತಾರೆ. ಅದರ ಫೋಟೋ ಕಂಡಾಗಲೆಲ್ಲ ಸಾಲಲ್ಲಿ ಕೂತವರ ಮುಖ ಒಂದೊಂದಾಗಿ ನೋಡುತ್ತೇನೆ. ಅಪ್ಪನಿಗೆ ಬೇಕಿದ್ದದ್ದು ಇದೇ ಇತ್ತೇನೋ, ನಾಲ್ಕು ಜನರ ನಡುವೆ ಎದ್ದು ನಿಂತು 'ಬಿಟ್ಟೆ' ಅನ್ನುವುದು. ಅದಕ್ಕೇ ಇದನ್ನು ಬಚ್ಚಿಡದೆ ಬರೆದೆ. ಅಮ್ಮನನ್ನು ಕೇಳಿಯೇ ಬರೆದೆ. 'ಬರಿ, ಇನ್ನು ಸಾಕು' ಅಂದರು.

ಸರಿ, ಇಷ್ಟು ಹೇಳಬೇಕು ಅಂತ ಕೂತವನಲ್ಲ ನಾನು. ಪತ್ರ ಓದಿ ಫೋನ್ ಮಾಡಿ ಮೂಗು ಏರಿಸಬೇಡ, ಮೊದಲು ರಜೆ ಹಾಕು. ಅಕ್ಟೋಬರಿನಲ್ಲಿ ಬಾ, ಕೊಯ್ಲಿನ ಕಾಲ. ಷಿಕಾಗೋದ ಯೂನಿಯನ್ ಸ್ಟೇಷನ್ನಿನಲ್ಲಿ ಲಿಂಕನ್ ಸರ್ವಿಸ್ ರೈಲು ಹತ್ತೋಣ. ಡ್ವೈಟ್‌ನಿಂದ ಮುಂದಿನ ಊರು ಪಾಂಟಿಯಾಕಿಗೆ ಗಂಟೆಗೆ 110 ಮೈಲಿ ಓಡುತ್ತೆ, ಈ ದಾರಿಯಲ್ಲಿ ಆ ವೇಗ 2012ರಲ್ಲಿ ಮೊದಲು ಶುರುವಾದದ್ದೇ ಈ ತುಂಡಿನಲ್ಲಿ. ರೂಟ್ 66 ಅನ್ನುವ ಹಳೇ ಹೆದ್ದಾರಿಯ ಮೇಲಿರುವ 1933ರ ಪೆಟ್ರೋಲ್ ಬಂಕ್ ಹಾಗೇ ಉಳಿಸಿದ್ದಾರೆ, ಅಲ್ಲಿ ನಿನ್ನ ಫೋಟೋ ತೆಗೆಯುವ ಜವಾಬ್ದಾರಿ ನನ್ನದು. ಟಿಕೆಟ್ ಮಾತ್ರ ನಾನೇ ಮಾಡಿಸುತ್ತೇನೆ. ನಿನ್ನ ಕೈಗೆ ಕೊಟ್ಟರೆ ಟೆಕ್ಸಾಸ್ ಈಗಲ್ ರೈಲಿಗೆ ಮಾಡಿಸುತ್ತೀಯ, ಅದು ಡ್ವೈಟ್‌ನಲ್ಲಿ ನಿಲ್ಲುವುದೇ ಇಲ್ಲ, ಬೀರೂರಿನ ಕಥೆ ಮತ್ತೆ ಆಗುತ್ತೆ. ಅತ್ತಿಗೆಗೆ ಹೇಳಿ ಕೋಡುಬಳೆ ಕಟ್ಟಿಸಿಕೊಂಡು ಬಾ, ಖಾರ ಜಾಸ್ತಿ ಇರಲಿ.

ನಿನ್ನ,
ರವಿ